ಒಂದು ಮೊಳ ಪೈಪು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಬದುಕಿದ್ದಾಗ ಆಡಲು ನನಗೆ ಧೈರ್ಯ ಇರಲಿಲ್ಲ. ಹಾಗಾದರೆ ಆಡುವುದು ಯಾವಾಗ, ಮುಂದಿನ ಜನ್ಮದಲ್ಲೇ?

ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಹೋದ ತಿಂಗಳು ಫೋನ್ ಮಾಡಿದ್ದರು. "ಮೇಡಂ, ಡಾಕ್ಟ್ರ ನೆನಪಿಗೆ ಒಂದು ಪುಸ್ತಕ ತರ್ತಿದೀವಿ. ನೀವು ಹನ್ನೆರಡು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದೋರು. ಎರಡು ಒಳ್ಳೆ ಮಾತು ಬರ್ಕೊಡಿ, ಒಂದು ಪೇಜು ಸಾಕು." ಆಗಲಿ ಎಂದೆ. ಆಮೇಲೆ ಕೂತು ಹುಡುಕಿದರೆ ಒಳ್ಳೆ ಮಾತು ಒಂದೇ ಸಿಕ್ಕಿತು: ಆ ಮನುಷ್ಯನಿಗೆ ಕೆಲಸ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ನನ್ನ ಸಿಟ್ಟಿಗೂ ಅದೇ ಕಾರಣ. ಗೊತ್ತಿಲ್ಲದವನು ಕೆಡಿಸಿದರೆ ಅಯ್ಯೋ ಪಾಪ ಅಂದುಬಿಡಬಹುದು.

ಡಾಕ್ಟ್ರು ಎಂದರೆ ನಾಡಿ ಹಿಡಿಯುವ ಡಾಕ್ಟ್ರಲ್ಲ. ನೆಲದಡಿಯ ನೀರಿನ ಮೇಲೆ ಪಿಎಚ್‌ಡಿ ಮಾಡಿದವರು. ಮೈಸೂರು ಕಡೆಯವರು, ಇಲ್ಲಿ ಲಂಡನ್ನಿಗೆ ಬಂದು ಮೂವತ್ತು ವರ್ಷ ದಾಟಿತ್ತು, ಸ್ಟ್ಯಾನ್ಮೋರಿನಲ್ಲಿ ಸ್ವಂತ ಮನೆ. ಬೆಳಿಗ್ಗೆ ಸ್ಟೇಷನ್ನಿನವರೆಗೆ ಕಾರು, ಅಲ್ಲಿಂದ ಜುಬಿಲಿ ಲೈನಿನ ರೈಲಿನಲ್ಲಿ ಬೇಕರ್ ಸ್ಟ್ರೀಟಿನ ನಮ್ಮ ಆಫೀಸು. ಎಲ್ಲೋ ಸಮುದ್ರದ ನಡುವಿನ ದ್ವೀಪಗಳಲ್ಲಿ ಬಾವಿ ಎಲ್ಲಿ ಕೊರೆಯಬೇಕು, ದಿನಕ್ಕೆ ಎಷ್ಟು ನೀರು ಎತ್ತಬಹುದು ಎಂದು ನಾವು ಆ ನಾಲ್ಕನೇ ಮಹಡಿಯಲ್ಲಿ ಕೂತು ಹೇಳುತ್ತಿದ್ದೆವು. ಜ್ವಾಲಾಮುಖಿ ಉಗುಳಿದ ಕಪ್ಪು ಬಂಡೆಯ ದ್ವೀಪಗಳು ಡಾಕ್ಟ್ರ ವಿಶೇಷ. ಆ ಬಂಡೆಯ ಚೂರೊಂದನ್ನು ಅಂಗೈಯಲ್ಲಿ ಎರಡು ಸಲ ಹೊರಳಿಸಿ, ನೀರು ಇದರಲ್ಲಿ ನಿಲ್ಲುತ್ತದೋ ಸೋರುತ್ತದೋ ಹೇಳುತ್ತಿದ್ದರು. ಹೇಳಿದ್ದು ತಪ್ಪಾದದ್ದನ್ನು ನಾನು ಕಂಡಿಲ್ಲ.

ರಾಜ್ಯೋತ್ಸವಕ್ಕೆ ಪ್ರತಿವರ್ಷ ಅವರದೊಂದು ಭಾಷಣ ಇರಲೇಬೇಕು. ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣ, ಹಿಂದಿನ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಪಿಸುಗುಡುವ ಮಕ್ಕಳು, ಮುಂದೆ ರೇಷ್ಮೆ ಪಂಚೆಯುಟ್ಟ ಡಾಕ್ಟ್ರು. "ಬಿಸಿ ಸಾರಿನ ಮೇಲೆ ತುಪ್ಪ ತೇಲತ್ತಲ್ಲ, ಹಾಗೆ ನೋಡಿ. ದ್ವೀಪದ ಹೊಟ್ಟೇಲಿ ಉಪ್ಪುನೀರಿನ ಮೇಲೆ ಮಳೆ ನೀರು ತೇಲ್ತಾ ಇರತ್ತೆ. ಸಮುದ್ರದ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ಇದ್ರೆ, ಕೆಳಗೆ ನಲವತ್ತು ಅಡಿ ಇದೆ ಅಂತ. ಒಂದಕ್ಕೆ ನಲವತ್ತು! ದೇವ್ರು ಕೊಟ್ರೆ ಹಾಗೆ ಕೊಡ್ತಾನೆ. ಆಸೆ ಬಿದ್ದು ತುಪ್ಪ ಬಾಚ್ಕೊಂಡ್ರೆ ಏನಾಗತ್ತೆ? ಸಾರು ಮೇಲೆ ಬರತ್ತೆ!" ಜನ ಚಪ್ಪಾಳೆ ತಟ್ಟುವರು. ಪ್ರೊಜೆಕ್ಟರ್ ಹೊತ್ತು ತಂದು ವೈರು ಸಿಕ್ಕಿಸಿ ಮೂಲೆಯಲ್ಲಿ ನಿಂತಿರುತ್ತಿದ್ದವಳು ನಾನು. "ಇವಳು ನಮ್ಮ ಕುಂದಾಪುರದ ಹುಡುಗಿ, ನನ್ನ ಬಲಗೈ" ಎಂದು ತೋರಿಸುತ್ತಿದ್ದರು. ಹುಡುಗಿಗೆ ಆಗಲೇ ತಲೆಗೂದಲು ನೆರೆಯುತ್ತಿತ್ತು.

ನನ್ನ ಮಾತು ಅವರಿಗೆ ನಗೆಪಾಟಲು. ಒಮ್ಮೆ ಊಟದ ಹೊತ್ತಿನಲ್ಲಿ ಊರಿಗೆ ಫೋನ್ ಮಾಡಿ, "ಬಾವಿ ನೀರ್ ಹೆಂಗಿತ್ತ್ ಅಮ್ಮಾ, ಉಪ್ಪ್ ಬಂತಾ?" ಎಂದು ಕೇಳುತ್ತಿದ್ದೆ. ನಮ್ಮ ಮನೆ ಹಿನ್ನೀರಿನ ದಂಡೆಯ ಮೇಲೆ, ಮೇ ತಿಂಗಳು ಬಂತೆಂದರೆ ನಮಗೆ ಅದೇ ಚಿಂತೆ. ಡಾಕ್ಟ್ರು ಹಿಂದೆ ನಿಂತು ಕೇಳಿಸಿಕೊಂಡಿದ್ದರು. ಅವತ್ತಿನಿಂದ ಲಿಫ್ಟಿನಲ್ಲಿ ಸಿಕ್ಕರೂ ಸಾಕು, "ಏನಮ್ಮಾ, ಉಪ್ಪ್ ಬಂತಾ?" ಎಂದು ನನ್ನದೇ ರಾಗ ತೆಗೆದು ನಗುವರು. ನಾನೂ ನಗುತ್ತಿದ್ದೆ. ಬೆಂಕಿ ಬೀಳಲಿ ಆ ನಗುವಿಗೆ.

ಇನ್ನೊಂದು ಅಭ್ಯಾಸವಿತ್ತು. ಆಗುವುದಿಲ್ಲ ಎಂದು ಹೇಳುವ ಮೊದಲು ಕನ್ನಡಕ ತೆಗೆದು ಟೈಯ ತುದಿಯಲ್ಲಿ ಒರೆಸುವರು. ಎಡಗಾಜು ಒರೆಸಿ ಮುಗಿಯುವಷ್ಟರಲ್ಲಿ ಎದುರಿನವನಿಗೆ ಉತ್ತರ ಗೊತ್ತಾಗಿರುತ್ತಿತ್ತು. ಬಲಗಾಜಿನ ಹೊತ್ತಿಗೆ ಅವನೇ "ಪರವಾಗಿಲ್ಲ ಬಿಡಿ ಸರ್" ಎಂದಿರುತ್ತಿದ್ದ. ಹೀಗೆ ಯಾರಿಗೂ ಬಾಯಿಬಿಟ್ಟು ಇಲ್ಲ ಎನ್ನದೆ ಒಳ್ಳೆಯವರಾಗಿ ಉಳಿದರು. ಇದನ್ನು ನಾನು ಸಜ್ಜನಿಕೆ ಎಂದುಕೊಂಡಿದ್ದೆ, ನೋಡಿ ನನ್ನ ಬುದ್ಧಿ.

ನಾನು ಸೇರಿ ಐದನೇ ವರ್ಷ ಒಂದು ದ್ವೀಪದ ಕೆಲಸ ಬಂತು. ಹೆಸರು ಬೇಡ. ಡಾಕ್ಟ್ರೂ ನಾನೂ ಮೂರು ದಿನಕ್ಕೆ ಹೋಗಿ ಬಂದೆವು. ಅವರು ಅಧಿಕಾರಿಗಳ ಜೊತೆ ಊಟದಲ್ಲಿದ್ದರು. ನಾನು ಬೆಟ್ಟದ ಬುಡದ ಒಂದು ಹಳ್ಳಿಗೆ ಹೋದೆ. ಆ ಹಳ್ಳಿಗೆ ಇದ್ದದ್ದು ಒಂದೇ ಕೊಳವೆಬಾವಿ, ಒಂದೇ ಪಂಪು. ಪಂಪು ನೋಡಿಕೊಳ್ಳುತ್ತಿದ್ದವಳು ಮರಿಯ ಎಂಬ ಹೆಂಗಸು, ನನ್ನದೇ ವಯಸ್ಸು, ಗಟ್ಟಿ ಆಳು, ಬೀಗದ ಕೈ ಯಾವಾಗಲೂ ಸೊಂಟದಲ್ಲಿ. ನಮ್ಮಿಬ್ಬರ ಮಾತು ಹರಕು ಇಂಗ್ಲಿಷಿನಲ್ಲಿ. ಪಂಪಿನ ಪಕ್ಕದಲ್ಲೇ ನೀರಿನ ಮಟ್ಟ ನೋಡಲೆಂದು ಇನ್ನೊಂದು ಕಿರಿದಾದ ಬಾವಿ, ಅದರ ಕಬ್ಬಿಣದ ಪೈಪು ನೆಲದಿಂದ ಮೇಲೆ ಅವಳ ಸೊಂಟದವರೆಗೆ ಎದ್ದು ನಿಂತಿತ್ತು. ಆ ಪೈಪಿನ ಬಾಯಿ ಸಮುದ್ರದ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ನಿಖರವಾಗಿ ಅಳೆಸಿ ಬರೆದುಕೊಂಡೆವು. ಮರಿಯಳಿಗೆ ಟೇಪು ಕೊಟ್ಟು ಹೇಳಿದೆ: "ವಾರಕ್ಕೊಮ್ಮೆ ಪೈಪಿನ ಬಾಯಿಂದ ಟೇಪು ಇಳಿಬಿಡು. ನೀರು ಎಷ್ಟು ಆಳದಲ್ಲಿದೆ ನೋಡಿ ನನಗೆ ಕಳಿಸು. ಯಾವಾಗಲೂ ಪೈಪಿನ ಬಾಯಿಂದಲೇ." ಅವಳ ಬಾಯಲ್ಲಿ ಮೂರು ಸಲ ಹೇಳಿಸಿದೆ. ಆಮೇಲೆ ಅವಳನ್ನು ಪೈಪಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದೆ. ಅವಳು ಮನೆಗೆ ಕರೆದು ಕಾಳಿನ ಸಾರು ಬಡಿಸಿದಳು. ಕಾಳು ಬೆಣ್ಣೆಯಂತೆ ಬೆಂದಿತ್ತು.

ಒಂದು ವಾರವೂ ತಪ್ಪಿಸದೆ ಅವಳ ಅಳತೆ ಬರುತ್ತಿತ್ತು. ವರ್ಷ ಕಳೆಯುವ ಹೊತ್ತಿಗೆ ನೀರು ಒಮ್ಮೆಲೇ ಒಂದು ಮೊಳ ಮೇಲೆ ಬಂತು. ಬಂದದ್ದು ಅಲ್ಲೇ ನಿಂತಿತು. ಡಾಕ್ಟ್ರಿಗೆ ಖುಷಿಯೋ ಖುಷಿ. "ನೋಡಮ್ಮ, ನಾನು ಹೇಳಿರ್ಲಿಲ್ವಾ? ಒಳ್ಳೆ ಮಳೆ ಆಗಿದೆ. ಮೇಲೆ ಒಂದು ಮೊಳ ಅಂದ್ರೆ ಕೆಳಗೆ ನಲವತ್ತು ಮೊಳ." ಆ ಹಳ್ಳಿಯ ಕೆಳಗೆ ಕಡಲ ದಂಡೆಯಲ್ಲಿ ಹೋಟೆಲುಗಳು ಏಳುತ್ತಿದ್ದವು, ಅವಕ್ಕೆ ನೀರು ಬೇಕಿತ್ತು. ಎರಡನೇ ಪಂಪು ಹಾಕಬಹುದು, ಹಳ್ಳಿಯ ಬಾವಿಗೆ ತೊಂದರೆಯಿಲ್ಲ ಎಂದು ರಿಪೋರ್ಟು ಹೋಯಿತು. ಬರೆದವಳು ನಾನು, ಸಹಿ ಅವರದು.

ರಿಪೋರ್ಟು ಹೋದ ವಾರವೇ ಮರಿಯ ಒಂದು ಫೋಟೋ ಕಳಿಸಿದಳು. ಪಂಪ್‌ಹೌಸಿಗೆ ಹೊಸ ಬಣ್ಣ ಬಳಿದಿದ್ದರು, ಅದನ್ನು ತೋರಿಸಲು. ಅವಳು ಅದೇ ಪೈಪಿನ ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದಳು. ಪೈಪು ಅವಳ ಮೊಣಕಾಲಿಗೆ ಬರುತ್ತಿತ್ತು.

ನಾನು ಹಳೆಯ ಫೋಟೋ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಕೇಳಿದರೆ, "ಹೌದು, ಹೊಸ ಮುಚ್ಚಳ ಕೂರಿಸಲು ಬಂದವರು ಪೈಪು ಕತ್ತರಿಸಿದರು. ನಾನು ನೀನು ಹೇಳಿದ ಹಾಗೇ ಬಾಯಿಂದಲೇ ಅಳೆಯುತ್ತಿದ್ದೇನೆ" ಎಂದಳು. ಅವಳದು ಏನೂ ತಪ್ಪಿಲ್ಲ. ಪೈಪು ಒಂದು ಮೊಳ ಗಿಡ್ಡವಾದರೆ ಬಾಯಿಂದ ನೀರಿಗೆ ಇರುವ ದೂರವೂ ಒಂದು ಮೊಳ ಕಡಿಮೆಯಾಗುತ್ತದೆ. ನಾವು ಲಂಡನ್ನಿನಲ್ಲಿ ಬಾಯಿಯ ಹಳೆಯ ಎತ್ತರವನ್ನೇ ಹಿಡಿದುಕೊಂಡು ಕೂತಿದ್ದೆವು. ನೀರು ಇದ್ದಲ್ಲೇ ಇತ್ತು, ಕಾಗದದ ಮೇಲೆ ಮಾತ್ರ ಏರಿತ್ತು. ಇಲ್ಲದ ನಲವತ್ತು ಮೊಳ ಸಿಹಿನೀರನ್ನು ಹೋಟೆಲಿನವರಿಗೆ ಧಾರೆ ಎರೆದಿದ್ದೆವು.

ಎರಡೂ ಫೋಟೋ ಹಿಡಿದು ಅವರ ರೂಮಿಗೆ ಹೋದೆ. ಅವರು ನೋಡಿದರು. ಕ್ಷಣದಲ್ಲಿ ಅರ್ಥವಾಯಿತು. ಹೇಳಿದೆನಲ್ಲ, ಕೆಲಸ ಗೊತ್ತಿತ್ತು. ಮುಖದ ಬಣ್ಣ ಹೋದದ್ದನ್ನು ನನ್ನ ಕಣ್ಣಾರೆ ಕಂಡೆ. ಆಮೇಲೆ ಕನ್ನಡಕ ತೆಗೆದರು.

"ಒಂದು ಫೋಟೋ ನೋಡಿ ರಿಪೋರ್ಟ್ ವಾಪಸ್ ತರ್ಸಕ್ಕಾಗತ್ತಾ ಅಮ್ಮ?"

"ಸರ್, ಪಂಪ್ ಇನ್ನೂ ಶುರು ಮಾಡಿಲ್ಲ. ಒಂದು ಮೇಲ್ ಹಾಕಿದ್ರೆ ಸಾಕು, ಇನ್ನೊಂದ್ಸಲ ಅಳತೆ ಆಗೋವರೆಗೆ ನಿಲ್ಲಿಸ್ತಾರೆ."

"ನಿಲ್ಲಿಸ್ತಾರೆ. ಆಮೇಲೆ ನಮ್ಮನ್ನ ಇನ್ಯಾವತ್ತಾದ್ರೂ ಕರೀತಾರಾ?" ಬಲಗಾಜು ಒರೆಸುತ್ತಾ ಹೇಳಿದರು. "ಮುಂದಿನ ಸಲ ಹೋದಾಗ ಸರ್ವೇ ಮಾಡ್ಸೋಣ. ಸದ್ಯಕ್ಕೆ ಒಂದು ನೋಟ್ ಬರ್ದು ಫೈಲಿಗೆ ಹಾಕ್ಬಿಡು. ಪೈಪಿನ ಎತ್ತರ ಖಚಿತಪಡಿಸ್ಕೊಬೇಕು, ಅಷ್ಟೇ. ನಿನ್ನ ಮೇಲೂ ಬರಲ್ಲ, ನನ್ನ ಮೇಲೂ ಬರಲ್ಲ."

ಇದು ನಮ್ಮ ಕಸುಬಿನ ಒಂದು ಪದ್ಧತಿ. ಹೇಳಬೇಕಾದವರಿಗೆ ಹೇಳಲಾಗದ್ದನ್ನು ಬರೆದು ಫೈಲಿನಲ್ಲಿ ಮಲಗಿಸುವುದು. ಯಾರೂ ಓದುವುದಿಲ್ಲ, ಆದರೆ ಹೇಳಿಲ್ಲ ಎನ್ನುವಂತಿಲ್ಲ. ನನ್ನ ವೀಸಾ ಆಗ ಆ ಆಫೀಸಿನ ಹೆಸರಿನಲ್ಲಿತ್ತು, ಈ ದೇಶದಲ್ಲಿ ಪರ್ಮನೆಂಟ್ ಆಗಲು ಎಂಟು ತಿಂಗಳು ಬಾಕಿ. ನಾನು ನೋಟ್ ಬರೆದೆ. ಬರೆದ ಮೇಲೆ ಹಗುರವೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ನನ್ನ ಗಂಡ ಇಲ್ಲೇ ಲಂಡನ್ನಿನ ಕೆಂಟನ್ನಿನಲ್ಲಿ ಒಂದು ಹೋಟೆಲಿನ ಅಡುಗೆಯವರು, ಊರು ನಮ್ಮ ಪಕ್ಕದ್ದೇ. ಸಂಜೆ ನನ್ನ ಮೋರೆ ನೋಡಿ ಕೇಳಿದರು.

"ಎಂತ ಆಯ್ತ್ ಮಾರಾಯ್ತಿ?"

ಹೇಳಿದೆ.

"ಅವ್ರೆಂತ ಅಂದ್ರ್?"

"ಬರ್ದ್ ಇಡ್ ಅಂದ್ರ್. ಬರ್ದಿಟ್ಟೆ."

"ಬರ್ದಿಟ್ರೆ ಪಂಪ್ ನಿಲ್ತಾ?"

ನನಗೆ ರೇಗಿಹೋಯಿತು. ನಿಮಗೆ ಆಫೀಸಿನ ವಿಷಯ ಏನು ಗೊತ್ತು ಎಂದು ಕೂಗಾಡಿದೆ. ಅವರು ಪಾಪ ಊಟ ಬಡಿಸಿದರು.

ಎರಡನೇ ಪಂಪು ಶುರುವಾಯಿತು. ಐದಾರು ತಿಂಗಳಿಗೆ ಮರಿಯ ಅಳತೆಯ ಜೊತೆಗೆ ಒಂದು ಸಾಲು ಸೇರಿಸಿದ್ದಳು: "ನೀರಿಗೆ ಏನೋ ಆಗಿದೆ, ಮನೆಯಲ್ಲಿ ಕಾಳು ಬೇಯುತ್ತಿಲ್ಲ." ನಮ್ಮೂರಿನಲ್ಲಿ ಅಮ್ಮ ಹಿನ್ನೀರು ಬಾವಿಗೆ ಹತ್ತಿದ್ದನ್ನು ಕಂಡುಹಿಡಿಯುತ್ತಿದ್ದದ್ದು ನಾಲಿಗೆಯಿಂದಲ್ಲ, ಹುರುಳಿಯಿಂದ. ರುಚಿಗೆ ಉಪ್ಪು ತಟ್ಟುವ ಮೊದಲೇ ನೀರು ಗಡಸಾಗುತ್ತದೆ, ಎಷ್ಟು ಕುದಿಸಿದರೂ ಹುರುಳಿ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. "ಉಪ್ಪ್ ಬಾಗ್ಲಿಗೆ ಬಂತ್" ಎಂದು ಅಮ್ಮ ಅವತ್ತೇ ಮೇಲಿನ ಮನೆಯ ಬಾವಿಗೆ ಕೊಡ ಹೊರುತ್ತಿದ್ದಳು. ಕಾಲೇಜಿನಲ್ಲಿ ಓದುವಾಗ ಇದಕ್ಕೆ ರಸಾಯನಶಾಸ್ತ್ರದ ಕಾರಣವೂ ಸಿಕ್ಕಿತ್ತು: ಸಮುದ್ರದ ನೀರು ಮುನ್ನುಗ್ಗುವಾಗ ಬಂಡೆಯಲ್ಲಿ ಅಂಟಿದ ಸುಣ್ಣದ ಅಂಶವನ್ನು ಮುಂದೆ ತಳ್ಳಿಕೊಂಡು ಬರುತ್ತದೆ. ಮರಿಯ ಬರೆದಾಗಲೇ ಎರಡನೇ ಪಂಪು ನಿಲ್ಲಿಸಿದ್ದರೂ ಅವಳ ಬಾವಿ ಉಳಿಯುತ್ತಿತ್ತು.

ಆ ವಾರದ ಮೀಟಿಂಗಿನಲ್ಲಿ ಇದನ್ನು ಹೇಳಿದೆ. ನಾವು ಏಳೆಂಟು ಜನ ಇದ್ದೆವು. ಡಾಕ್ಟ್ರು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದರು: "ಲಂಡನ್ನಿನ ನಲ್ಲಿ ನೀರಿನಲ್ಲೂ ನನ್ನ ಹೆಂಡತಿಗೆ ಬೇಳೆ ಬೇಯುವುದಿಲ್ಲ. ಹಾಗಾದರೆ ಸಮುದ್ರ ಸ್ಟ್ಯಾನ್ಮೋರಿಗೆ ಬಂದಿರಬೇಕು!" ಎಲ್ಲರೂ ನಕ್ಕರು. ಅವರು ನನ್ನ ಕಡೆ ಬಾಗಿ ಮೆಲ್ಲಗೆ ಕನ್ನಡದಲ್ಲಿ, "ಕಾಳು ಇನ್‌ಸ್ಟ್ರುಮೆಂಟ್ ಅಲ್ಲಮ್ಮ" ಎಂದರು. ಮಾತೇನೋ ಜಾಣತನದ್ದೇ. ಲಂಡನ್ನಿನ ನೀರು ಗಡಸು, ಕೆಟಲಿನ ತಳದಲ್ಲಿ ಸುಣ್ಣ ಕಟ್ಟುತ್ತದೆ, ನನ್ನ ಗಂಡನೂ ದಿನಾ ಅದನ್ನೇ ಬೈಯುತ್ತಾರೆ. ಆದರೆ ಇಲ್ಲಿನ ನೀರು ಮೊದಲಿನಿಂದ ಗಡಸು, ಮರಿಯಳ ನೀರು ಅದರ ಹಿಂದಿನ ವರ್ಷದವರೆಗೆ ಮೆದು. ಈ ವ್ಯತ್ಯಾಸ ಆ ಮನುಷ್ಯನಿಗೆ ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ಗೊತ್ತಿದ್ದೇ ನಗಿಸಿದರು.

ಮುಂದಿನ ಬೇಸಿಗೆಗೆ ಉಪ್ಪು ನಾಲಿಗೆಗೂ ಬಂತು. ದನ ಮೂಸಿ ನೋಡಿ ಮುಖ ತಿರುಗಿಸಿದವಂತೆ. ಹೋಟೆಲಿನವರು ಸಮುದ್ರದ ನೀರನ್ನೇ ಸಿಹಿ ಮಾಡುವ ಯಂತ್ರ ತರಿಸಿಕೊಂಡರು. ಹಳ್ಳಿಗೆ ಟ್ಯಾಂಕರು. ಒಮ್ಮೆ ಉಪ್ಪು ಏರಿದ ಬಂಡೆ ಬೇಗ ಬಿಡುವುದಿಲ್ಲ, ಮಳೆ ವರ್ಷ ವರ್ಷ ತೊಳೆಯಬೇಕು.

ದ್ವೀಪದವರು ಕಾರಣ ಕೇಳಿದರು. ಡಾಕ್ಟ್ರು ಎರಡು ಪುಟದ ಉತ್ತರ ಬರೆದರು. ಆ ಉತ್ತರ ನಾನು ಓದಿದ್ದೇನೆ, ಬಹಳ ಚಂದದ ಇಂಗ್ಲಿಷು. ಮಳೆ ಕೈಕೊಟ್ಟಿತು ಎಂದಿತ್ತು. ಸ್ಥಳೀಯ ಪಂಪ್ ನಿರ್ವಾಹಕರು ನಿಗದಿತ ಗಂಟೆಗಳನ್ನು ಮೀರಿ ನೀರೆತ್ತಿರುವ ಸಾಧ್ಯತೆ ಇದೆ ಎಂದಿತ್ತು. ಸಾಧ್ಯತೆ! ಮರಿಯಳ ಕೈಯಿಂದ ಬೀಗದ ಕೈ ಕಿತ್ತುಕೊಳ್ಳಲು ಆ ಒಂದು ಶಬ್ದ ಸಾಕಾಯಿತು. ಊರಿನವರು ಅವಳನ್ನು ಹೋಟೆಲಿಗೆ ನೀರು ಮಾರಿದವಳು ಎಂದರಂತೆ. ಅವಳು ನನಗೆ ಬರೆದಳು: "ನಾನು ಒಂದು ಗಂಟೆಯೂ ಹೆಚ್ಚು ಓಡಿಸಿಲ್ಲ. ನಿನಗೆ ಗೊತ್ತು. ನೀನು ಅವರಿಗೆ ಒಂದು ಮಾತು ಹೇಳು." ನಾನು ಉತ್ತರ ಕೊಡಲಿಲ್ಲ. ನಾಳೆ ಕೊಡೋಣ ಎಂದು ಆರು ವರ್ಷ ಕಳೆಯಿತು.

ಅಷ್ಟರಲ್ಲಿ ಡಾಕ್ಟ್ರು ಶಾಲು ಹಾರ ಹಾಕಿಸಿಕೊಂಡು ನಿವೃತ್ತರಾದರು. ಬೀಳ್ಕೊಡುಗೆಯ ದಿನ ನನ್ನ ತಲೆ ಮೇಲೆ ಕೈಯಿಟ್ಟು, "ನೀನಿಲ್ದಿದ್ರೆ ನನ್ನ ಸರ್ವೀಸು ಇಷ್ಟು ಸಲೀಸಾಗಿ ಮುಗೀತಿರ್ಲಿಲ್ಲಮ್ಮ" ಎಂದರು. ಆವತ್ತಿಗೂ ನಾನು ಅವರ ಕಾಲಿಗೆ ನಮಸ್ಕಾರ ಮಾಡಿದೆ. ಈ ವರ್ಷ ನಿದ್ದೆಯಲ್ಲೇ ಹೋದರು. ಪುಣ್ಯವಂತರ ಸಾವು ಎಂದರು ಜನ.

ಶ್ರದ್ಧಾಂಜಲಿ ಸಭೆಗೆ ಹೋಗಿದ್ದೆ. ಎದ್ದು ನಿಂತು ಎಲ್ಲ ಹೇಳಿಬಿಡಬೇಕು ಎಂದೇ ಹೋದದ್ದು. ಇಬ್ಬರು ಮಾತಾಡಿದರು, ಸಾರು ತುಪ್ಪದ ಕಥೆ ಹೇಳಿ ಕಣ್ಣೊರೆಸಿಕೊಂಡರು. ನನ್ನ ಸರದಿಗೆ ಮುಂಚೆ ಅವರ ಹೆಂಡತಿ ಬಂದು ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು. ಒಳ್ಳೆ ಹೆಂಗಸು, ಅವರ ಮೇಲೆ ನನಗೇನೂ ಇಲ್ಲ.

"ನಿಮ್ಮ ವಿಷ್ಯ ಎಷ್ಟು ಹೇಳ್ತಿದ್ರು ಗೊತ್ತಾ! ಆಫೀಸಲ್ಲಿ ಬೇರೆಯೋರೆಲ್ಲ ಸಣ್ಣದಕ್ಕೂ ಗಲಾಟೆ ಮಾಡ್ತಾರೆ ಕಣೇ, ಆ ಕುಂದಾಪುರದ ಹುಡುಗಿ ಮಾತ್ರ ಚಿನ್ನ ಅಂತಿದ್ರು. ಏನೇ ಇದ್ರೂ ಫೈಲಲ್ಲಿ ಬರ್ದಿಟ್ಟು ಸುಮ್ಮನಾಗ್ತಾಳೆ ಅಂತ."

ನನ್ನ ಹೆಸರು ಕರೆದರು. ತಲೆನೋವು ಎಂದು ಹೇಳಿ ಹೊರಗೆ ಬಂದೆ. ಕೆಂಟನ್ ರಸ್ತೆಯ ಬಸ್‌ಸ್ಟಾಪಿನಲ್ಲಿ ನಿಂತು ಮೂರು ಬಸ್ಸು ಬಿಟ್ಟೆ. ಅವರಿಗೆ ನಾನು ಬಲಗೈ ಏಕೆ ಆಗಿದ್ದೆ ಎಂದು ಅವತ್ತು ತಿಳಿಯಿತು.

ಮನೆಗೆ ಬಂದವಳೇ ಬಟ್ಟೆಯನ್ನೂ ಬದಲಾಯಿಸದೆ ಕೂತೆ. ದ್ವೀಪದ ನೀರು ಕಚೇರಿಗೆ ಬರೆದೆ. ಸೊಂಟದೆತ್ತರದ ಪೈಪು, ಮೊಣಕಾಲೆತ್ತರದ ಪೈಪು, ಎರಡೂ ಫೋಟೋ ಹಾಕಿದೆ. ಫೈಲಿನ ನೋಟನ್ನೂ ಹಾಕಿದೆ. ಪಂಪ್ ನಿರ್ವಾಹಕಳ ತಪ್ಪು ಎಳ್ಳಷ್ಟೂ ಇರಲಿಲ್ಲ, ತಪ್ಪು ಲೆಕ್ಕ ನಮ್ಮದು ಎಂದು ಸ್ಪಷ್ಟವಾಗಿ ಬರೆದು ನನ್ನ ಹೆಸರು ಹಾಕಿದೆ. ಆಫೀಸಿನಲ್ಲಿ ಇದರಿಂದ ನನಗೇನಾಗುತ್ತದೋ ಆಗಲಿ. ಪ್ರತಿಯನ್ನು ಮರಿಯಳಿಗೆ ಕಳಿಸಿದೆ. ಡಾಕ್ಟ್ರು ಎಂಥ ಮನುಷ್ಯ ಎಂದು ಅವಳಿಗೆ ಬೇರೆಯಾಗಿ ಉದ್ದಕ್ಕೆ ಬರೆದೆ, ಇಲ್ಲಿ ಬರೆದದ್ದಕ್ಕಿಂತ ಖಾರವಾಗಿ. ಅವರು ಹೇಗೆ ಮುಚ್ಚಿಟ್ಟರು, ಹೇಗೆ ನಗಿಸಿದರು, ಅವಳ ಮೇಲೆ ಹೇಗೆ ಹೊರಿಸಿದರು, ಒಂದೂ ಬಿಡದೆ ಬರೆದೆ.

ನಾಲ್ಕು ದಿನಕ್ಕೆ ಅವಳ ಉತ್ತರ ಬಂತು. ಡಾಕ್ಟ್ರ ಬಗ್ಗೆ ಒಂದಕ್ಷರ ಇರಲಿಲ್ಲ. ಒಂದೇ ಪ್ರಶ್ನೆ ಇತ್ತು: "ಪೈಪಿನ ವಿಷಯ ನಿನಗೆ ಗೊತ್ತಾದದ್ದು ಎರಡನೇ ಪಂಪು ಹಾಕುವ ಮೊದಲೋ, ಆಮೇಲೋ?"

ಮೊದಲು ಎಂದು ಬರೆದೆ. ಹನ್ನೊಂದು ದಿನ ಮೊದಲು.

ಆಮೇಲೆ ಅವಳು ಬರೆದಿಲ್ಲ.